ಸಂದು ಕಾಣದ ಕೆಲಸ

ಹೋದ ಭಾನುವಾರ ಅಪ್ಪನನ್ನು ಶ್ರೀರಂಗಪಟ್ಟಣದ ಗುಂಬಜ್‌ಗೆ, ಅಂದರೆ ಹೈದರ್ ಅಲಿ, ಟಿಪ್ಪು ಸುಲ್ತಾನರ ಸಮಾಧಿ ಇರುವ ಕಟ್ಟಡಕ್ಕೆ, ಕರೆದುಕೊಂಡು ಹೋಗಿದ್ದೆ. ನಾನು ಗುಮ್ಮಟ ನೋಡುತ್ತಾ, ಸುತ್ತಲಿನ 36 ಕರಿಕಲ್ಲಿನ ಕಂಬಗಳನ್ನು ಎಣಿಸುತ್ತಾ ನಿಂತೆ. ಅಪ್ಪ ಸೀದಾ ಬಾಗಿಲ ಹತ್ತಿರ ಹೋದರು.

ಅಪ್ಪ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಇನ್‌ಲೇ ಕೆಲಸ ಮಾಡಿದವರು. ಬೀಟೆ ಮರದ ಹಲಗೆ ಮೇಲೆ ಚಿತ್ರ ಬರೆದುಕೊಂಡು, ಆ ಗೆರೆಯ ಒಳಗೆ ಉಳಿಯಿಂದ ತೆಳ್ಳಗೆ ಕೆತ್ತಿ, ಬೇರೆ ಬಣ್ಣದ ಮರದ ಚೂರು ಕೂರಿಸಿ ಅಂಟಿಸೋದು. ಹಳದಿ ಬೇಕಾದರೆ ಹಲಸು. ಆಮೇಲೆ ಉಜ್ಜಿ ಉಜ್ಜಿ ಸಮ ಮಾಡಿ ಪಾಲಿಶ್. ಚಿಕ್ಕವಳಿದ್ದಾಗ ಆನೆಯ ಕಿವಿಗೆ ಅಂತ ಕತ್ತರಿಸಿಟ್ಟ ಚೂರುಗಳನ್ನು ನಾನು ಬಣ್ಣದ ಪ್ರಕಾರ ಡಬ್ಬಿಗೆ ತುಂಬಿಡುತ್ತಿದ್ದೆ.

ಗುಂಬಜ್‌ನ ಬಾಗಿಲು ಕರಿಮರದ್ದು, ಅದರೊಳಗೆ ಕೂರಿಸಿರುವುದು ದಂತ. ಟಿಪ್ಪು ಕಟ್ಟಿಸಿದ ಕಾಲದ ಬಾಗಿಲಲ್ಲ ಇದು. ಆಮೇಲೆ ಗವರ್ನರ್ ಜನರಲ್ ಡಾಲ್‌ಹೌಸಿ ಕೊಟ್ಟಿದ್ದು. ಅಪ್ಪ ಎದುರಿಗೆ ನಿಂತು ನೋಡಲೇ ಇಲ್ಲ. ಪಕ್ಕಕ್ಕೆ ಸರಿದು, ತಲೆ ವಾಲಿಸಿ, ಬೆಳಕು ಓರೆಯಾಗಿ ಬೀಳುವ ಕಡೆಯಿಂದ ನೋಡಿದರು.

“ಇಲ್ಲಿ ಬಾರವ್ವ. ಎಲೆ ತುದಿ ನೋಡು. ಸಂದು ಎಲ್ಲೈತೆ ಹೇಳು?”

ನಾನೂ ಹಾಗೇ ವಾಲಿ ನೋಡಿದೆ. ಎದುರಿನಿಂದ ಬರೀ ಬಿಳಿ ಬಳ್ಳಿಯಂತೆ ಕಂಡಿದ್ದು ಈಗ ಬೇರೆ ಬೇರೆ ಚೂರುಗಳಾಗಿ ಕಂಡಿತು. ಕೂದಲೆಳೆಯಷ್ಟು ಕಪ್ಪು ಗೆರೆ. ಒಂದು ಕಡೆ ಮಾತ್ರ ಸ್ವಲ್ಪ ಬಾಯಿ ಬಿಟ್ಟಿತ್ತು. “ಮರ ಒಣಗಿ ಎಳ್ಕೊಂಡೈತೆ, ಕೆಲಸದೋನ ತಪ್ಪಲ್ಲ” ಅಂದರು ಅಪ್ಪ. ಅವರ ಬೆರಳು ಬಾಗಿಲಿಂದ ಒಂದು ಗೇಣು ದೂರದಲ್ಲೇ, ಗಾಳಿಯಲ್ಲೇ, ಬಳ್ಳಿಯ ಜೊತೆ ಓಡಾಡುತ್ತಿತ್ತು.

ಅಪ್ಪ ಕೆಲಸಕ್ಕೆ ಸೇರಿದಾಗ ದಂತ ಇನ್ನೂ ಬಳಕೆಯಲ್ಲಿತ್ತಂತೆ. ಗರಗಸ ಬಿಸಿಯಾದರೆ ಹಲ್ಲು ಸುಟ್ಟ ವಾಸನೆ ಬರುತ್ತಿತ್ತಂತೆ. ಅದು ನಿಷೇಧವಾಗಿದ್ದು ಒಳ್ಳೆಯದೇ ಆಯಿತು, ಆ ಮಾತಿನಲ್ಲಿ ನಮ್ಮ ಮನೆಯಲ್ಲಿ ಎರಡಿಲ್ಲ. ಆದರೂ ಆ ಬಾಗಿಲು ಮಾಡಿದವನ ಕೈ ದೊಡ್ಡ ಕೈ. ಅವನ ಹೆಸರು ಮಾತ್ರ ಬಾಗಿಲ ಮೇಲೆ ಎಲ್ಲೂ ಕಾಣಲಿಲ್ಲ. ಸೋಮನಾಥಪುರದಲ್ಲಿ ಹಾಗಲ್ಲ ನೋಡಿ. 13ನೇ ಶತಮಾನದ ಆ ಕೇಶವ ದೇವಸ್ಥಾನದಲ್ಲಿ ಮಲ್ಲಿತಮ್ಮ ತಾನು ಕೆತ್ತಿದ ಮೂರ್ತಿಗಳ ಕೆಳಗೆ ತನ್ನ ಹೆಸರು ಬರೆದುಕೊಂಡಿದ್ದಾನೆ. ಅದನ್ನು ನೆನೆದಾಗೆಲ್ಲ ನನಗೆ ಖುಷಿಯಾಗುತ್ತದೆ.

ಒಳಗೆ ಗೋಡೆಗೆ ಬಳಿದ ಹುಲಿಪಟ್ಟೆ ನೋಡಿಕೊಂಡು ಹೊರಗೆ ಬಂದೆವು. ಬಸ್ಸಿನಲ್ಲಿ ಅಪ್ಪನಿಗೆ ಮೈಸೂರು ಅರಮನೆಯ ಅಂಬಾವಿಲಾಸ ದರ್ಬಾರ್ ಹಾಲಿನ ನೆಲ ನೆನಪಾಯಿತು. ಅಮೃತಶಿಲೆ ಕೊರೆದು ಬಣ್ಣದ ಕಲ್ಲು ಕೂರಿಸಿದ ಹೂಬಳ್ಳಿ ಅಲ್ಲಿದೆ. ತಾಜ್ ಮಹಲಿನಲ್ಲಿರುವುದೂ ಇದೇ ಥರದ ಕೆಲಸ. ಇಟಲಿಯಲ್ಲೂ ಇದನ್ನು ಮಾಡುತ್ತಾರೆ, ಪಿಯೆತ್ರಾ ದೂರಾ ಅಂತ ಅಲ್ಲಿನ ಹೆಸರು ಅಂತ ನಾನು ಹೇಳಿದೆ. ಅಪ್ಪ ಆ ಹೆಸರನ್ನು ಎರಡು ಸಲ ಹೇಳಿ ನೋಡಿದರು.

“ಕಲ್ಲಿಗೆ ಏನು ಅಂಟು ಹಾಕ್ತಾರಂತೆ ಅಲ್ಲಿ?”

ನನಗೆ ಗೊತ್ತಿರಲಿಲ್ಲ. ಮೈಸೂರು ಬರುವ ತನಕ ಅಪ್ಪ ಅಂಟಿನ ಬಗ್ಗೆಯೇ ಮಾತಾಡಿದರು.