ಸ್ಟೀಲ್ ಚೊಂಬು ಮತ್ತು ತೆಂಗಿನ ನಾರು

17 ನವೆಂಬರ್ 2024, ಭಾನುವಾರ

ಬೆಳಿಗ್ಗೆ ತಿಂಡಿ ಮುಗಿಸಿ ಕೂತವನು ಇನ್ನೂ ಎದ್ದಿಲ್ಲ. ಎದುರಿಗೆ ಒಂದು ಸ್ಟೀಲ್ ಚೊಂಬು, ಪಕ್ಕದಲ್ಲಿ ಅರ್ಧ ಸುಲಿದ ತೆಂಗಿನಕಾಯಿ. ಒಂದು ನುಣ್ಣಗೆ, ಇನ್ನೊಂದು ಪೂರ್ತಿ ಒರಟು, ಪೆನ್ಸಿಲಿನಲ್ಲಿ ಬಿಡಿಸೋಕೆ ಅದಕ್ಕೇ ಜೋಡಿ ಮಾಡಿದ್ದು.

ಚೊಂಬಿಗೆ ಬೂದು ಬಣ್ಣ ತುಂಬಿದರೆ ಆಯ್ತಲ್ವಾ ಅಂತ ತಂಗಿ ಕೇಳಿದಳು. ಆಗಲ್ಲ. ಸ್ಟೀಲಿಗೆ ತನ್ನದು ಅಂತ ಬಣ್ಣ ಇರೋದೇ ಕಡಿಮೆ, ಎದುರಿಗೆ ಏನಿದೆಯೋ ಅದನ್ನೇ ತೋರಿಸುತ್ತದೆ. ಕಿಟಕಿ, ಅದರ ಸರಳು, ನನ್ನ ತಲೆ, ಎಲ್ಲ ಅದರ ಹೊಟ್ಟೆ ಮೇಲೆ ಸಣಕಲಾಗಿ ಬಾಗಿ ನಿಂತಿವೆ. ಅವುಗಳ ಆಕಾರ ಸರಿಯಾಗಿ ಕೂತರೆ ಲೋಹ ತಾನಾಗೇ ಕಾಣುತ್ತದೆ. ಕಿಟಕಿ ಬಿದ್ದ ಜಾಗದಲ್ಲಿ ಪೇಪರನ್ನು ಮುಟ್ಟಲೇಬಾರದು, ಅದರ ಅಂಚಿಗೆ ತಾಗಿದ ಹಾಗೇ 6ಬಿ ಪೆನ್ಸಿಲಿನ ಕಪ್ಪು ಬರಬೇಕು (ಬಿ ಅಂದರೆ ಮೆತ್ತಗೆ, ಅಂಕಿ ಏರಿದಷ್ಟೂ ಕಪ್ಪು), ನಡುವೆ ಬೂದು ಬೇಡ. ಹತ್ತಿ ಬಟ್ಟೆಯಾಗಿದ್ದರೆ ಅದೇ ಜಾಗದಲ್ಲಿ ಬೆಳಕಿನಿಂದ ನೆರಳಿಗೆ ನಿಧಾನಕ್ಕೆ ಇಳಿಯಬೇಕಿತ್ತು. ಉಳಿದ ಕಡೆ 2ಬಿ ಮೇಲೆ 2ಎಚ್ ಆಡಿಸಿದೆ. ಎಚ್ ಪೆನ್ಸಿಲಿನಲ್ಲಿ ಜೇಡಿಮಣ್ಣು ಜಾಸ್ತಿ, ಅದಕ್ಕೇ ಗಟ್ಟಿ. ಅದು ಪೇಪರಿನ ತರಿಯೊಳಗೆ ಗ್ರಾಫೈಟನ್ನು, ಅಂದರೆ ಪೆನ್ಸಿಲಿನ ಸೀಸವನ್ನು, ಒತ್ತಿ ಕೂರಿಸುತ್ತದೆ, ಬಿಳಿ ಚುಕ್ಕಿಗಳು ಮಾಯವಾಗಿ ನಯ ಬರುತ್ತದೆ. (ಗ್ರಾಫೈಟಿಗೆ ಜೇಡಿಮಣ್ಣು ಬೆರೆಸಿ ಸುಡುವ ಈ ಉಪಾಯಕ್ಕೆ ಫ್ರಾನ್ಸಿನ ಕಾಂಟೆ ಪೇಟೆಂಟ್ ಪಡೆದದ್ದು 1795ರಲ್ಲಿ. ಇವತ್ತಿಗೂ ಅದೇ ಲೆಕ್ಕ.)

ನಾರಿನದು ಬೇರೆಯೇ ಕಥೆ. ಕಪ್ಪಿನ ಮೇಲೆ ಬಿಳಿ ಎಳೆ ಬೇಕು ಅಂದರೆ ರಬ್ಬರಿನಲ್ಲಿ ಅಷ್ಟು ಸಣ್ಣಗೆ ಬರೋದಿಲ್ಲ. ಹಾಗಾಗಿ ಇಂಕ್ ಖಾಲಿಯಾದ ಬಾಲ್ ಪೆನ್ ತಗೊಂಡು ಖಾಲಿ ಪೇಪರಿನ ಮೇಲೆ ಎಳೆಗಳನ್ನು ಮೊದಲೇ ಒತ್ತಿ ಗೀಚಿದೆ. ಆಮೇಲೆ 4ಬಿ ಪೆನ್ಸಿಲನ್ನು ಮಲಗಿಸಿ ಹಗುರವಾಗಿ ಉಜ್ಜಿದರೆ ಸೀಸ ಆ ಗೀರುಗಳ ಒಳಗೆ ಇಳಿಯಲ್ಲ, ನಾರು ಬೆಳ್ಳಗೆ ಎದ್ದು ಬರುತ್ತದೆ. ಎಳೆಗಳ ಸಂದಿಗೆ ಮಾತ್ರ ಚೂಪು ಮೊನೆಯಿಂದ ಕಪ್ಪು ತುಂಬಬೇಕು. ಎಲ್ಲ ಎಳೆಯೂ ಒಂದೇ ದಿಕ್ಕಿಗೆ ಹೋದರೆ ಬಾಚಿದ ಕೂದಲಿನ ಹಾಗೆ ಕಾಣುತ್ತದೆ, ನಾಲ್ಕಾರು ಅಡ್ಡಾದಿಡ್ಡಿ ಇರಲಿ.

ಇಲ್ಲಿ ಬೆರಳಿನಿಂದ ತೀಡೋದು ಮಾತ್ರ ಬೇಡವೇ ಬೇಡ. ಮೊಬೈಲ್ ವಿಡಿಯೋಗಳಲ್ಲಿ ಎಲ್ಲದಕ್ಕೂ ಸುಮ್ನೆ ತೀಡುತ್ತಾರೆ, ಕಾಯಿ, ಕಲ್ಲು, ಕೆನ್ನೆ ಎಲ್ಲ ಒಂದೇ ಮೇಣದ ಗೊಂಬೆ ಆಗುತ್ತವೆ.

ಕಾಯಿಯ ಕೆಳಗಿನ ದಟ್ಟ ನೆರಳು ಬಾಕಿ ಇದೆ. 8ಬಿ ಎಷ್ಟು ಒತ್ತಿದರೂ ಓರೆಯಿಂದ ನೋಡಿದರೆ ಮಿಂಚುತ್ತದೆ, ಫೋಟೋದಲ್ಲಿ ಬೂದು ಬರುತ್ತದೆ. ಅಲ್ಲಿ ಇದ್ದಿಲು ಪೆನ್ಸಿಲ್ ಹಾಕಬೇಕು ಅಂತ ಜಾಗ ಖಾಲಿ ಬಿಟ್ಟಿದ್ದೇನೆ, ಗ್ರಾಫೈಟ್ ಮೇಲೆ ಇದ್ದಿಲು ಸರಿಯಾಗಿ ಹಿಡಿಯೋದಿಲ್ಲ. ಬೆಳಕು ಆಗಲೇ ಸರಿದಿದೆ, ಇನ್ನು ಮುಂದಿನ ಭಾನುವಾರವೇ. ಅಲ್ಲಿವರೆಗೆ ಕಾಯಿ ಚಟ್ನಿಗೆ ಹೋಗದಿದ್ದರೆ ಸಾಕು.