ಉತಾರದಲ್ಲಿ ಯಾರ ಹೆಸರು?

ಗಂಡು ಹೊರಗೆ ದುಡಿದು ತರಬೇಕು, ಹೆಣ್ಣು ಮನೆ ನೋಡಿಕೊಳ್ಳಬೇಕು ಎಂಬುದು ತಲೆಮಾರುಗಳಿಂದ ನಡೆದುಬಂದ ಪದ್ಧತಿ ಎಂದು ಒಂದು ಪಕ್ಷದವರು ವಾದಿಸುತ್ತಾರೆ. ಆ ಪದ್ಧತಿಯನ್ನು ದಾಟಿ ಹೆಣ್ಣು ಈಗ ಹೊರಗೆ ಬಂದಿದ್ದಾಳೆ, ಆದ್ದರಿಂದ ದಾಂಪತ್ಯದ ಕಟ್ಟಳೆಗಳೂ ಬದಲಾಗಬೇಕು ಎಂದು ಇನ್ನೊಂದು ಪಕ್ಷದವರು ಹೇಳುತ್ತಾರೆ. ಧಾರವಾಡದ ಕಾಲೇಜುಗಳ ಚರ್ಚಾಸ್ಪರ್ಧೆಯಲ್ಲಿ, ಸುದ್ದಿವಾಹಿನಿಗಳಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಈ ಜಗಳವನ್ನು ನಾನು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕೇಳಿದಾಗಲೆಲ್ಲ ನನ್ನನ್ನು ಕಾಡುವುದು, ಎರಡೂ ಪಕ್ಷದವರು ಯಾವ ತಕರಾರೂ ಇಲ್ಲದೆ ಒಪ್ಪಿಕೊಂಡುಬಿಟ್ಟಿರುವ ಒಂದು ಸಂಗತಿ: ಹಿಂದಿನ ಕಾಲದಲ್ಲಿ ಹೆಣ್ಣು ಮನೆಯೊಳಗೇ ಇದ್ದಳು ಎಂಬುದು. ನಮ್ಮ ಧಾರವಾಡ, ಗದಗ, ಹಾವೇರಿ ಸೀಮೆಯ ಮಟ್ಟಿಗಂತೂ ಇದು ನಿಜವಲ್ಲ.

ಬ್ಯಾಡಗಿಯ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಹೆಂಗಸರು. ಘಾಟು ತಡೆಯಲು ಮೂಗು ಬಾಯಿಗೆ ಬಟ್ಟೆ ಸುತ್ತಿಕೊಂಡು, ಸಂಜೆ ಮನೆಗೆ ಹೋಗಿ ಎಷ್ಟು ತೊಳೆದುಕೊಂಡರೂ ಅಂಗೈಯ ಉರಿ ಹೋಗದೆ, ಮಗುವನ್ನು ಮುಟ್ಟಲೂ ಅಂಜುತ್ತ ಈ ಕೆಲಸ ಮಾಡುವ ಹೆಂಗಸರನ್ನು ನಾನು ಬಲ್ಲೆ. ಗದಗ-ಬೆಟಗೇರಿಯ ನೇಕಾರರ ಓಣಿಯಲ್ಲಿ ಗಂಡ ಮಗ್ಗದ ಮುಂದೆ ಕುಳಿತಿದ್ದರೆ ಹೆಂಡತಿ ಕಂಡಿಕೆ ಸುತ್ತಿ ಕೊಡಬೇಕು. ಇಲ್ಲದಿದ್ದರೆ ಲಾಳಿ ಓಡುವುದಿಲ್ಲ. ಕೂಲಿ ಮಾತ್ರ ನೇಕಾರನ ಹೆಸರಿಗೇ ಬರುತ್ತದೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘದ ಕೆಲಸಗಾರರಲ್ಲಿ ಬಹುಪಾಲು ಹೆಂಗಸರು. ನವಲಗುಂದದ ಜಮಖಾನೆಯ ಕಥೆ ಇನ್ನೂ ವಿಚಿತ್ರವಾದದ್ದು. ಅದನ್ನು ನೇಯುವವರು ಅಲ್ಲಿನ ಮುಸ್ಲಿಂ ಹೆಂಗಸರು. ಮದುವೆಯಾಗಿ ಹೋಗುವ ಮಗಳು ಕಸುಬಿನ ಗುಟ್ಟನ್ನು ಗಂಡನ ಮನೆಗೆ ಒಯ್ದಾಳೆಂದು ಮಗಳಿಗೆ ಕಲಿಸದೆ, ಮನೆಗೆ ಬಂದ ಸೊಸೆಗೆ ಕಲಿಸುತ್ತಿದ್ದರೆಂದು ಹೇಳುತ್ತಾರೆ. ಇನ್ನು ಹೊಲದ ಮಾತು. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಶೇಂಗಾ ಹರಿಯುವುದು, ಇವೆಲ್ಲ ಹೆಂಗಸರ ಕೆಲಸವೆಂದೇ ಲೆಕ್ಕ. ಹೆಣ್ಣಾಳಿನ ಕೂಲಿ ಗಂಡಾಳಿನ ಕೂಲಿಗಿಂತ ಕಡಿಮೆ ಎಂಬುದೂ ಅಷ್ಟೇ ಹಳೆಯ ಲೆಕ್ಕ. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ಅದಕ್ಕೆ ಹೊಲದ ಬದುವಿನವರೆಗೆ ನಡೆದುಬರುವುದು ಇನ್ನೂ ಆಗಿಲ್ಲ.

ಹಾಗಾದರೆ ಮನೆಯೊಳಗೇ ಉಳಿದ ಗೃಹಿಣಿ ಎಂಬ ಚಿತ್ರ ನಮಗೆ ಎಲ್ಲಿಂದ ಬಂತು? ಒಂದು ಕಡೆಯಿಂದ ಗೌಡರ, ದೇಸಾಯರ ವಾಡೆಗಳಿಂದ ಬಂತು; ಹೆಂಗಸರು ಹೊಸ್ತಿಲು ದಾಟದಿರುವುದು ಅಲ್ಲಿ ಮನೆತನದ ದೊಡ್ಡಸ್ತಿಕೆಯ ಗುರುತಾಗಿತ್ತು. ಇನ್ನೊಂದು ಕಡೆಯಿಂದ ತಿಂಗಳ ಪಗಾರದ ಮನೆಗಳಿಂದ ಬಂತು. ಹುಬ್ಬಳ್ಳಿಗೆ ರೈಲ್ವೆ ಕಾರ್ಖಾನೆ ಬಂದ ಮೇಲೆ, ಧಾರವಾಡದಲ್ಲಿ ಕಚೇರಿ, ಶಾಲೆ, ಕಾಲೇಜುಗಳು ಬೆಳೆದ ಮೇಲೆ, ಒಬ್ಬನ ಪಗಾರದ ಮೇಲೆ ಇಡೀ ಮನೆ ನಡೆಯಬಹುದಾದ ಒಂದು ವರ್ಗ ಇಲ್ಲಿ ಹುಟ್ಟಿಕೊಂಡಿತು. ಗುಮಾಸ್ತ, ಮಾಸ್ತರ, ವಕೀಲ, ಇವರ ಮನೆಗಳಲ್ಲಿ ಹೊಲವೂ ಇರಲಿಲ್ಲ, ಮಗ್ಗವೂ ಇರಲಿಲ್ಲ. ಆದ್ದರಿಂದ ಹೆಂಡತಿಯ ದುಡಿಮೆ ಅಡುಗೆಮನೆಗೆ ಸೀಮಿತವಾಯಿತು. ಕಥೆ ಬರೆದವರೂ, ಭಾಷಣ ಮಾಡಿದವರೂ ಹೆಚ್ಚಾಗಿ ಆ ಮನೆಗಳಿಂದಲೇ ಬಂದದ್ದರಿಂದ ಅವರ ಮನೆಯ ಎರಡು ತಲೆಮಾರಿನ ರೂಢಿಯೇ ನಾಡಿನ ಸನಾತನ ಪದ್ಧತಿ ಎನಿಸಿಕೊಂಡಿತು ಎಂದು ನನಗೆ ಅನಿಸುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ನಗರದ ಚರ್ಚೆಗಳಲ್ಲಿ ಅದು ಕೇಳಿಬರುವುದೇ ಇಲ್ಲ. ಬಿಸಿಲಲ್ಲಿ ಸೊಂಟ ಬಗ್ಗಿಸಿ ದುಡಿದ ತಾಯಿಗೆ ಗೃಹಿಣಿಯ ಬಾಳು ಬಂಧನವಾಗಿ ಕಾಣುವುದಿಲ್ಲ. ಅದು ಅವಳಿಗೆ ಬಡ್ತಿ. ನಾನು ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವವಳು. ಕುಂದಗೋಳ ಕಡೆಯಿಂದ ನಮ್ಮ ಶಾಖೆಗೆ ಬರುವ ಒಬ್ಬ ಹಿರಿಯ ಹೆಣ್ಣುಮಗಳು ಮಗಳ ಮದುವೆಯ ಮಾತು ಬಂದಾಗ ಹೇಳಿದ್ದು: “ನಮ್ಮವ್ವ ಹೊಲಕ್ಕ ಹೋದ್ಲು, ನಾನೂ ಹೋದೆ. ಮಗಳು ಹೋಗೂದು ಬ್ಯಾಡ್ರಿ ಬಾಯಾರ. ನೌಕರಿದಾಂವಗ ಕೊಡ್ತೀನಿ, ನೆಳ್ಳಾಗ ಕುಂತು ಉಣ್ಲಿ.” ಈ ಮಾತಿನಲ್ಲಿ ಹಳೆಯ ಕಾಲದ ಮೂಢತನವನ್ನು ಕಾಣುವವರು ಒಂದು ದಿನವಾದರೂ ಹತ್ತಿ ಬಿಡಿಸಿ ನೋಡಬೇಕು. ಆಕೆಯ ಮಗಳೋ ವಿದ್ಯಾನಗರದ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾಳೆ. ನೆರಳಲ್ಲಿ ಕುಳಿತು ಉಣ್ಣುವುದಷ್ಟೇ ಬಾಳಾದರೆ ಓದಿದ್ದು ಯಾಕೆ ಎಂದು ಅವಳು ಕೇಳಿದರೆ ಅದೂ ನ್ಯಾಯವೇ. ತಾಯಿ ಮಗಳು ಇಬ್ಬರೂ ತಮ್ಮ ತಮ್ಮ ಅನುಭವದಿಂದಲೇ ಮಾತಾಡುತ್ತಿದ್ದಾರೆ.

ನೌಕರಿಯವನೇ ಬೇಕೆಂಬ ಈ ಆಸೆಯ ಬಿಸಿ ತಟ್ಟಿರುವುದು ರೈತರ ಗಂಡುಮಕ್ಕಳಿಗೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ನಾವೆಲ್ಲ ನಕ್ಕೆವು. ಆದರೆ ನಮ್ಮ ಹಳ್ಳಿಗಳಲ್ಲೂ ಮೂವತ್ತು ದಾಟಿದ, ಹೊಲವಿರುವ, ದುಡಿಯುವ ಹುಡುಗರು ಕನ್ಯೆ ಸಿಗದೆ ಕುಳಿತಿದ್ದಾರೆ. ಗಂಡು ಎಂದರೆ ಪಗಾರ ತರುವವನು ಎಂಬ ಕಟ್ಟಳೆ ಗಂಡನ್ನೂ ಬಿಟ್ಟಿಲ್ಲ. ನೌಕರಿ ಇಲ್ಲದ ಗಂಡಿಗೆ ಮದುವೆಯ ಮಾರುಕಟ್ಟೆಯಲ್ಲಿ ಆಗುವ ಅವಮಾನವನ್ನು ಹೆಣ್ಣಿನ ಪರ ಮಾತಾಡುವ ನಮ್ಮಂಥವರು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕು.

ಹುಬ್ಬಳ್ಳಿಯಲ್ಲಿ ಆಗಾಗ ಜಾತಿವಾರು ವಧು-ವರರ ಸಮಾವೇಶಗಳು ನಡೆಯುತ್ತವೆ. ತಂಗಿಯ ಮಗಳ ಸಲುವಾಗಿ ಅಂಥದೊಂದಕ್ಕೆ ಹೋಗಿದ್ದೆ. ಹುಡುಗರು ಒಬ್ಬೊಬ್ಬರಾಗಿ ವೇದಿಕೆಗೆ ಬಂದು ಹೆಸರು, ಓದು, ಪಗಾರ, ಎಷ್ಟು ಎಕರೆ ಎಂದು ಹೇಳಿಕೊಂಡು, ಎಂಥ ಕನ್ಯೆ ಬೇಕು ಎಂದು ಕೇಳಿದಾಗ ಬಹುತೇಕ ಒಂದೇ ಉತ್ತರ ಕೊಟ್ಟರು: “ನೌಕರಿ ಮಾಡುವಾಕಿ ಇರ್ಬೇಕ್ರಿ, ಮನಿತನಕ್ಕ ಹೊಂದಿಕೊಂಡು ಹೋಗ್ಬೇಕ್ರಿ.” ಸಂಪ್ರದಾಯವೋ ಆಧುನಿಕತೆಯೋ ಎಂದು ಪಂಡಿತರು ಬಡಿದಾಡುತ್ತಿರುವಾಗ ಈ ಹುಡುಗರು ಎರಡನ್ನೂ ಒಂದೇ ವಾಕ್ಯದಲ್ಲಿ ಬಗೆಹರಿಸಿಬಿಟ್ಟಿದ್ದರು. ಹೊಸ ಕಾಲದ ಪಗಾರವೂ ಬೇಕು, ಹಳೆಯ ಕಾಲದ ಅಡುಗೆಯೂ ಬೇಕು. ಪಕ್ಕದಲ್ಲಿ ಕುಳಿತಿದ್ದ ವರನ ತಾಯಿಯೊಬ್ಬರು ನನ್ನನ್ನು ಮೆಲ್ಲಗೆ ಕೇಳಿದರು: “ನಿಮ್ಮ ಹುಡುಗಿಗೆ ರೊಟ್ಟಿ ಬಡ್ಯಾಕ ಬರ್ತದೇನ್ರಿ?”

ರೊಟ್ಟಿಯ ಪ್ರಶ್ನೆ ಸಣ್ಣದಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗಿ ಇರುವುದಿಲ್ಲ. ಎಸರು ಕುದಿಸಿ ಹಿಟ್ಟಿಗೆ ಹಾಕಿ, ಕೈ ಸುಡುವಾಗಲೇ ನಾದಿ, ಒಂದೊಂದೇ ಉಂಡೆಯನ್ನು ಅಂಗೈಯಿಂದ ತಿರುಗಿಸುತ್ತ ಬಡಿದು, ಹಂಚಿನ ಮೇಲೆ ಹಾಕಿ, ನೀರಿನ ಬಟ್ಟೆ ಸವರಿ, ತಿರುವಿ ಹಾಕಬೇಕು. ಐದು ಜನರ ಮನೆಗೆ ಎರಡು ಹೊತ್ತಿನ ರೊಟ್ಟಿ ಎಂದರೆ ಒಲೆಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು ಹತ್ತಿ ಕಚೇರಿಗೆ ಬರುವ ಹೆಣ್ಣುಮಗಳು ಆ ಹೊತ್ತನ್ನು ನಿದ್ದೆಯಿಂದ ಕದಿಯಬೇಕು. ಈಗ ಎರಡೂ ಊರುಗಳಲ್ಲಿ ರೊಟ್ಟಿ ಮಾಡಿ ಮಾರುವ ಕೇಂದ್ರಗಳು ಓಣಿಗೊಂದರಂತೆ ಆಗಿವೆ. ನನ್ನ ಮನೆಗೂ ಅಲ್ಲಿಂದಲೇ ಬರುತ್ತದೆ. ಅಡುಗೆಯ ಹೊರೆ ಇಳಿಯಿತು ಎಂದು ನಾವು ಹೇಳಿಕೊಳ್ಳುತ್ತೇವೆ. ಇಳಿದದ್ದು ಇನ್ನೊಬ್ಬ ಹೆಂಗಸಿನ ರಟ್ಟೆಯ ಮೇಲೆ, ಆದರೆ ಅವಳಿಗೆ ಒಂದೊಂದು ರೊಟ್ಟಿಗೂ ರೊಕ್ಕ ಸಿಗುತ್ತದೆ. ಅಷ್ಟರ ಮಟ್ಟಿಗೆ ಲೆಕ್ಕ ಸುಧಾರಿಸಿದೆ ಎಂದೇ ನಾನು ತಿಳಿಯುತ್ತೇನೆ. ಮದುವೆಯ ಅಡುಗೆಗೆ ನೂರಾರು ಜನರ ಸಾರು ಕುದಿಸುವ ಗಂಡಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ರೊಟ್ಟಿ ಬಡಿಯುವ ಗಂಡಸನ್ನು ಮಾತ್ರ ನಾನು ಹುಡುಕುತ್ತಲೇ ಇದ್ದೇನೆ.

ಈ ಗಂಟೆಗಳನ್ನು ಸರ್ಕಾರವೂ ಎಣಿಸಿದೆ. ದೇಶದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2019ರಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. 2024ರ ಸಮೀಕ್ಷೆಯಲ್ಲಿ ಹೆಂಗಸರ ಪಾಲು 289ಕ್ಕೆ ಇಳಿಯಿತು. ಗಂಡಸರದೂ 88ಕ್ಕೆ ಇಳಿಯಿತು! ಇದಲ್ಲದೆ 2019ರಲ್ಲಿ ಯಾವುದೇ ಒಂದು ದಿನ ಇಂಥ ಕೆಲಸಕ್ಕೆ ಕೈ ಹಚ್ಚಿದ ಗಂಡಸರೇ ನೂರಕ್ಕೆ ಸುಮಾರು 26 ಜನ. 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅಪಘಾತದಲ್ಲಿ ತೀರಿಕೊಂಡ ಗೃಹಿಣಿಗೂ ಆದಾಯವಿತ್ತೆಂದು ಭಾವಿಸಿ ಪರಿಹಾರ ಲೆಕ್ಕ ಹಾಕಬೇಕು ಎಂದು ಎತ್ತಿಹಿಡಿಯಿತು. ಒಳ್ಳೆಯ ತೀರ್ಪು. ಆದರೂ ಮನೆಗೆಲಸಕ್ಕೆ ಬೆಲೆ ಕಟ್ಟಿಸಿಕೊಳ್ಳಲು ಸಾಯಬೇಕಾಯಿತಲ್ಲ ಎಂದು ನಮ್ಮ ಶಾಖೆಯ ಸಹೋದ್ಯೋಗಿಯೊಬ್ಬರು ಆಡಿದ ಮಾತು ನನಗೆ ಮರೆತಿಲ್ಲ.

ಕೈಗೆ ರೊಕ್ಕ ಬಂದಾಗ ಏನಾಗುತ್ತದೆ ಎಂಬುದನ್ನು 2023ರ ನಂತರ ಕೌಂಟರಿನ ಈಚೆಯಿಂದ ನೋಡುತ್ತಿದ್ದೇನೆ. ಜೂನ್ 11ರಂದು ಶಕ್ತಿ ಯೋಜನೆ ಬಂದು ಬಸ್ಸು ಉಚಿತವಾದಾಗ “ಹೆಂಗಸ್ರು ಮನಿ ಬಿಟ್ಟು ತಿರಗಾಕ ಹತ್ಯಾರ” ಎಂದು ಗೊಣಗದ ಕಟ್ಟೆಯಿರಲಿಲ್ಲ. ಆಗಸ್ಟ್ ಕೊನೆಗೆ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಶುರುವಾದಾಗ, ಅದು ಅತ್ತೆಗೋ ಸೊಸೆಗೋ ಎಂದು ರಾಜ್ಯವೇ ಚರ್ಚೆಗೆ ಇಳಿಯಿತು. 2013ರ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಹತ್ತು ವರ್ಷ ಆ ಪದವಿಯನ್ನು ಯಾರೂ ಗಮನಿಸಿರಲಿಲ್ಲ. “ರೊಕ್ಕ ಬಂದಾವೇನ್ರಿ?” ಎಂದು ಪಾಸ್‌ಬುಕ್ ಹಿಡಿದು ಬರುವ ಅಜ್ಜಿಯರಲ್ಲಿ ಕೆಲವರ ಎಟಿಎಂ ಕಾರ್ಡು ಮಗನ ಕಿಸೆಯಲ್ಲಿ ಇರುತ್ತದೆ. ಕೆಲವರು ಮಾತ್ರ ಪೂರ್ತಿ ತೆಗೆಸಿಕೊಂಡು, ನಮ್ಮ ಮುಂದೆಯೇ ಎರಡು ಸಲ ಎಣಿಸಿ, ಸೊಂಟದ ಚೀಲಕ್ಕೆ ಸಿಕ್ಕಿಸಿಕೊಂಡು ಹೋಗುತ್ತಾರೆ.

ಆದರೆ ಅದು ತಿಂಗಳ ರೊಕ್ಕ. ಹೊಲ ಬೇರೆ. ನನ್ನ ವಾದವೆಲ್ಲ ಬಂದು ನಿಲ್ಲುವುದು ಅಲ್ಲಿ. ನಮ್ಮ ಸೀಮೆಯ ಸಂಪ್ರದಾಯ ಹೆಣ್ಣನ್ನು ದುಡಿಮೆಯಿಂದ ಯಾವತ್ತೂ ದೂರ ಇಟ್ಟಿರಲಿಲ್ಲ; ದೂರ ಇಟ್ಟದ್ದು ಉತಾರದಿಂದ, ಅಂದರೆ ಹೊಲ ಯಾರ ಹೆಸರಿಗಿದೆ ಎಂದು ತೋರಿಸುವ ಪಹಣಿಯಿಂದ. ಬೆಳೆಸಾಲಕ್ಕೆ, ಬೆಳೆವಿಮೆಗೆ, ಬರ ಪರಿಹಾರಕ್ಕೆ ಕೇಳುವುದು ಉತಾರವನ್ನು. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿದಾರರ ಪೈಕಿ ಹೆಂಗಸರು ಶೇಕಡಾ 14ರಷ್ಟೂ ಇರಲಿಲ್ಲ. ದಿನವಿಡೀ ಹೊಲದಲ್ಲಿರುವವಳು ಕಾಗದದ ಮೇಲೆ ರೈತಳಲ್ಲ.

ಹಿಂದೂ ಕುಟುಂಬಗಳ ಮಟ್ಟಿಗೆ ಕಾನೂನು ಬದಲಾಗಿ ಬಹಳ ಕಾಲವಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ 1994ರ ಜುಲೈ 30ರಂದೇ ಜಾರಿಗೆ ಬಂದಿತ್ತು. ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಮಾತ್ರ ಅದು ಅನ್ವಯಿಸುತ್ತಿರಲಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಮದುವೆಯ ಆ ಗೆರೆಯನ್ನು ತೆಗೆಯಿತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರ ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸ್ಪಷ್ಟಪಡಿಸಿತು. ಹೀಗಿದ್ದೂ ಅಪ್ಪ ತೀರಿಕೊಂಡ ವರ್ಷದೊಳಗೆ ಸಬ್‌ರಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಕಡಿಮೆಯಾಗಿಲ್ಲ. ಅವರಿಗೆ ಕಾನೂನು ಗೊತ್ತಿಲ್ಲವೆಂದಲ್ಲ. ಪಾಲು ಕೇಳಿದರೆ ನಾಗರ ಪಂಚಮಿಗೆ ಕರೆಯಲು ಅಣ್ಣ ಬರುವುದಿಲ್ಲ, ಹಬ್ಬದ ಉಂಡಿ ಬರುವುದಿಲ್ಲ, ಗಂಡನ ಮನೆಯಲ್ಲಿ ಕಷ್ಟ ಬಂದಾಗ ಹೋಗಿ ನಾಲ್ಕು ದಿನ ಇರಲು ಒಂದು ಬಾಗಿಲು ಇರುವುದಿಲ್ಲ. ಹೆಣ್ಣು ಗಂಡನ ಮನೆಯಲ್ಲಿ ಹೊಂದಿಕೊಂಡು ಹೋಗಲೇಬೇಕಾದ ಸ್ಥಿತಿ ಹುಟ್ಟುವುದೂ ಇಲ್ಲೇ ಎಂದು ನನ್ನ ಅಭಿಪ್ರಾಯ. ತನ್ನದೆಂಬ ನೆಲವಿಲ್ಲದವಳು ಅಡುಗೆಮನೆಯ ಪಾಲಿಗಾಗಿ ಗಂಡನೊಡನೆ ಎಷ್ಟು ದೂರ ವಾದಿಸಬಲ್ಲಳು? ಪಾತ್ರೆ ಯಾರು ತೊಳೆಯಬೇಕು ಎಂಬ ಚರ್ಚೆಯನ್ನು ನಾನು ಹಗುರವೆಂದು ತಿಳಿಯುವುದಿಲ್ಲ, ಆದರೆ ಆ ಚರ್ಚೆಯಲ್ಲಿ ಸರಿಸಮನಾಗಿ ಕೂಡಲು ತನ್ನ ಹೆಸರಿನ ನೆಲ ಮೊದಲು ಬೇಕು.

ನನಗೆ ಪರಿಚಯದ ಶಿಕ್ಷಕಿಯೊಬ್ಬರು ರೋಣ ಕಡೆಯವರು. ಅಪ್ಪನ ಹೊಲದಲ್ಲಿ ತಮ್ಮ ಪಾಲಿನ ಎರಡೂವರೆ ಎಕರೆಯನ್ನು ಜಗಳವಿಲ್ಲದೆ, ಆದರೆ ಬಿಡದೆ ಕೇಳಿ ತಮ್ಮ ಹೆಸರಿಗೆ ಮಾಡಿಸಿಕೊಂಡರು. ಆಮೇಲೆ ಅದನ್ನು ಅಣ್ಣನಿಗೇ ಲಾವಣಿಗೆ, ಅಂದರೆ ಗೇಣಿಗೆ, ಹಾಕಿದರು. ಅಣ್ಣ ಒಂದು ವರ್ಷ ಮುನಿಸಿಕೊಂಡಿದ್ದು, ಮರುವರ್ಷ ಪಂಚಮಿಗೆ ಕರೆಯಲು ಬಂದ. ತಕರಾರು ಎದ್ದದ್ದು ಇತ್ತ ಧಾರವಾಡದ ಮನೆಯಲ್ಲಿ. ಹೊಲದ ವ್ಯವಹಾರ ಹೆಂಗಸರಿಗೆ ಯಾಕೆ, ತನ್ನ ಹೆಸರಿಗೆ ಬರೆದುಕೊಟ್ಟರೆ ತಿರುಗಾಟ ತಪ್ಪುತ್ತದಲ್ಲ, ಗಂಡ ಹೆಂಡತಿಯಲ್ಲಿ ಯಾರ ಹೆಸರಿಗಿದ್ದರೂ ಒಂದೇ ಎಂದು ಗಂಡ ಹೇಳಿದರಂತೆ. “ಎರಡೂ ಒಂದ ಅಂದ್ಮ್ಯಾಲೆ, ನನ್ನ ಹೆಸರಿಗೇ ಇರ್ಲಿ ಬಿಡ್ರಿ” ಎಂದು ಶಿಕ್ಷಕಿ ಉತ್ತರ ಕೊಟ್ಟು, ಉತಾರವನ್ನು ಲ್ಯಾಮಿನೇಷನ್ ಮಾಡಿಸಿ ತಮ್ಮ ಟ್ರೆಝರಿ ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ.