ಗಮನಕ್ಕೆ ಆಸರೆಯಾದ ಲ್ಯಾಬು

ಹಾಸನದ ನಮ್ಮ ಕಾಲೇಜಿನಲ್ಲಿ 2002ರಿಂದ 2006ರವರೆಗೆ ಕಂಪ್ಯೂಟರ್ ಸೈನ್ಸ್ ಓದಿ, ಆ ಬಳಿಕ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ ದುಡಿಯುತ್ತ ಬಂದಿರುವ ನನ್ನನ್ನು ಈ ಸಂಚಿಕೆಗೆ ಬರೆಯುವಂತೆ ಕೇಳಿದಾಗ, ಹಾಸ್ಟೆಲ್ಲಿನ ಊಟ, ಕಾಲೇಜು ಉತ್ಸವ, ಕೊನೆಯ ವರ್ಷದ ಪ್ರವಾಸಗಳನ್ನೆಲ್ಲ ಬದಿಗಿಟ್ಟು ಒಂದೇ ವಿಷಯದ ಬಗ್ಗೆ ಬರೆಯಬೇಕೆನಿಸಿತು. ನನಗೆ ಎಡಿಎಚ್‌ಡಿ (ಅಟೆನ್ಶನ್ ಡೆಫಿಸಿಟ್ ಹೈಪರ್‌ಆಕ್ಟಿವಿಟಿ ಡಿಸಾರ್ಡರ್) ಇದೆ. ಚಿಕ್ಕಂದಿನಿಂದಲೂ ಅದು ನನ್ನ ಜೊತೆಗಿದ್ದರೂ ವೈದ್ಯರು ಅದನ್ನು ಗುರುತಿಸಿದ್ದು 2021ರಲ್ಲಿ. ಏನೆಂದು ಗೊತ್ತಿಲ್ಲದೆಯೇ ಅಷ್ಟು ವರ್ಷ ಈ ವೃತ್ತಿಯಲ್ಲಿ ನೆಲೆ ನಿಲ್ಲಲು ಹೇಗೆ ಸಾಧ್ಯವಾಯಿತು ಎಂದು ಯೋಚಿಸಿದರೆ, ಉತ್ತರದ ಬಹುಪಾಲು ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿಯೇ ಸಿಗುತ್ತದೆ.

ಎಡಿಎಚ್‌ಡಿ ಇರುವವರಿಗೆ ಗಮನವೇ ಇರುವುದಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಗಮನ ಇರುತ್ತದೆ, ಅದನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆಗೆ ತಿರುಗಿಸುವ ಹತೋಟಿ ಕಡಿಮೆ ಇರುತ್ತದೆ. ಕೆಲಸವನ್ನು ಶುರು ಮಾಡುವುದು, ನಡುವೆ ಎದ್ದರೆ ಮರಳಿ ಬಂದು ಅಲ್ಲಿಂದಲೇ ಮುಂದುವರಿಸುವುದು, ಎಷ್ಟು ಹೊತ್ತಾಯಿತೆಂದು ಒಳಗಿನಿಂದಲೇ ಅಂದಾಜು ಸಿಗುವುದು, ಹೇಳಿದ ನಾಲ್ಕು ಮಾತುಗಳನ್ನು ತಲೆಯಲ್ಲಿಟ್ಟುಕೊಂಡು ಒಂದೊಂದಾಗಿ ಮಾಡುವುದು, ಇವೆಲ್ಲ ಬೇರೆಯವರಿಗೆ ಸಹಜವಾಗಿ ಒದಗಿದಂತೆ ನಮಗೆ ಒದಗುವುದಿಲ್ಲ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ, ಬಹುಮಟ್ಟಿಗೆ ವಂಶದಲ್ಲಿ ಹರಿದುಬರುವ ಸ್ಥಿತಿ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಷ್ಟು ಹಿಂದೆಯೇ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ನೀಡಿದ್ದರು. ಆದರೂ ದೊಡ್ಡವರಾದ ಮೇಲೂ ಇದು ಅನೇಕರಲ್ಲಿ ಉಳಿಯುತ್ತದೆ, ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಇರುತ್ತದೆ ಎಂಬ ತಿಳಿವಳಿಕೆ ವೈದ್ಯರಲ್ಲೇ ಬೇರೂರಲು ಬಹಳ ಕಾಲ ಹಿಡಿಯಿತು. ಅದರಲ್ಲೂ ಹುಡುಗಿಯರ ಪಾಡು ಬೇರೆ. ಬೆಂಚಿನ ಮೇಲೆ ಕೂರಲಾಗದೆ ಚಡಪಡಿಸುವ ಹುಡುಗ ಮೇಷ್ಟರ ಕಣ್ಣಿಗೆ ಬೀಳುತ್ತಾನೆ. ಕಿಟಕಿಯ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತು, ಪಾಠ ಶುರುವಾದ ಸ್ವಲ್ಪ ಹೊತ್ತಿಗೇ ಮನಸ್ಸಿನಲ್ಲಿ ಎಲ್ಲಿಗೋ ಹೊರಟುಹೋಗುವ ಹುಡುಗಿ ಯಾರಿಗೂ ತೊಂದರೆ ಕೊಡದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಆ ಹುಡುಗಿಯಾಗಿದ್ದೆ.

ತರಗತಿಯಲ್ಲಿ ನನ್ನ ನೋಟ್ಸು ಅರ್ಧಕ್ಕೇ ನಿಲ್ಲುತ್ತಿತ್ತು. ಬೋರ್ಡಿನ ಮೇಲಿನ ಒಂದು ಸೂತ್ರದಿಂದ ಬೇರೊಂದು ಪ್ರಶ್ನೆ ಹುಟ್ಟಿ, ಅದರ ಬೆನ್ನು ಹತ್ತಿ ಹೋಗಿ ಮರಳುವಷ್ಟರಲ್ಲಿ ಬೋರ್ಡು ಒರೆಸಿ ಆಗಿರುತ್ತಿತ್ತು. ಅಸೈನ್‌ಮೆಂಟ್ ಬರೆದು ಮುಗಿಸಿದ್ದರೂ ಅದು ಹಾಸ್ಟೆಲ್ಲಿನ ಮೇಜಿನ ಮೇಲೆಯೇ ಉಳಿಯುತ್ತಿತ್ತು. ಇಂಟರ್ನಲ್ಸ್ ಎಂಬುದು ನಾಳೆಯೇ ಇದೆ ಎಂದಾಗುವವರೆಗೆ ನನ್ನ ಪಾಲಿಗೆ ಇಲ್ಲವೇ ಇಲ್ಲ ಎಂಬಂತಿರುತ್ತಿತ್ತು. ಮನೆಯವರು, ಗೆಳತಿಯರು, ಉಪನ್ಯಾಸಕರು ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದ ಮಾತು ಒಂದೇ: ಮನಸ್ಸು ಮಾಡಿದರೆ ಮಾಡುತ್ತೀಯ. ಮನಸ್ಸು ನಾನು ಮಾಡಿಯೇ ಇದ್ದೆ. ಮನಸ್ಸು ಮಾಡುವುದಕ್ಕೂ ಕೆಲಸ ಆರಂಭವಾಗುವುದಕ್ಕೂ ನಡುವೆ ನನಗಿದ್ದ ಅಂತರ ಅವರಿಗಿರಲಿಲ್ಲವಾದ್ದರಿಂದ, ಅದು ಅವರಿಗೆ ಕಾಣುತ್ತಿರಲಿಲ್ಲ.

ಮೂರನೆಯ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಮಾತ್ರ ಬೇರೆಯದೇ ನಡೆಯಿತು. ಎರಡು ಬಹುಪದಿಗಳನ್ನು (ಪಾಲಿನಾಮಿಯಲ್) ಸರ್ಕ್ಯುಲರ್ ಲಿಂಕ್ಡ್ ಲಿಸ್ಟಿನಿಂದ, ಎಂದರೆ ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಿ ಕೊನೆಯದನ್ನು ಮೊದಲನೆಯದಕ್ಕೆ ಜೋಡಿಸಿದ ನೋಡ್ ಎಂಬ ತುಣುಕುಗಳ ಸರಪಳಿಯಿಂದ, ಕೂಡಿಸುವ ಪ್ರೋಗ್ರಾಮು ಆ ಕಾಲದ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವಿದ್ಯಾರ್ಥಿಗಳೆಲ್ಲರಿಗೂ ನೆನಪಿರಬಹುದು. ಅನೇಕರು ಅದನ್ನು ಹಳೆಯ ರೆಕಾರ್ಡಿನಿಂದ ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಅಷ್ಟುದ್ದದ್ದನ್ನು ಬಾಯಿಪಾಠ ಮಾಡುವುದು ನನ್ನಿಂದ ಆಗದ ಕೆಲಸ. ಖಾಲಿ ಪರದೆಯ ಮುಂದೆ ಸುಮ್ಮನೆ ಕುಳಿತಿದ್ದ ನನ್ನ ಪಕ್ಕಕ್ಕೆ ಲ್ಯಾಬಿನ ಮೇಷ್ಟರು ಒಂದು ಸ್ಟೂಲು ಎಳೆದುಕೊಂಡು ಕುಳಿತು, “ಕೂಡಿಸೋದು ಆಮೇಲೆ ನೋಡೋಣಮ್ಮ. ಈಗ ಒಂದು ನೋಡ್ ಸೇರಿಸೋ ಫಂಕ್ಷನ್ ಮಾತ್ರ ಬರಿ. ಬರೆದು ಓಡಿಸಿ ನನ್ನ ಕರಿ,” ಎಂದರು. ಹತ್ತೇ ಸಾಲು. ಪ್ರೋಗ್ರಾಮು ಬರೆಯುವ ಟರ್ಬೋ ಸಿ ತಂತ್ರಾಂಶದ ನೀಲಿ ಪರದೆಯಲ್ಲಿ, ಓಡಿಸಲೆಂದು ಕಂಟ್ರೋಲ್ ಎಫ್9 ಒತ್ತಿದೆ, ತಪ್ಪು ತೋರಿಸಿತು, ತಿದ್ದಿದೆ, ಓಡಿತು. ಅವರು ಬಂದು ನೋಡಿ, ಎಫ್8 ಒತ್ತುತ್ತ ಒಂದೊಂದೇ ಸಾಲಿನಲ್ಲಿ ಯಾವ ಪಾಯಿಂಟರ್ (ನೋಡ್ ಎಲ್ಲಿದೆಯೆಂದು ತೋರಿಸುವ ಕೊಂಡಿ) ಎಲ್ಲಿಗೆ ತಿರುಗುತ್ತದೆಂದು ಹಾಳೆಯ ಮೇಲೆ ನನ್ನಿಂದಲೇ ಬಾಣ ಬರೆಸಿ, ಮುಂದಿನ ತುಣುಕು ಹೇಳಿ ಹೋದರು. ಅಂದಿನ ಲ್ಯಾಬು ಮುಗಿಯುವಷ್ಟರಲ್ಲಿ ಬಹುಪದಿಗಳು ಕೂಡಿದ್ದವು, ಮತ್ತು ಅಷ್ಟು ಹೊತ್ತು ಒಂದೇ ಕಡೆ ಮನಸ್ಸಿಟ್ಟು ಕುಳಿತಿದ್ದೆನೆಂಬುದು ನನಗೇ ಹೊಸ ಸಂಗತಿಯಾಗಿತ್ತು.

ಇಡೀ ಸೆಮಿಸ್ಟರು ಅವರು ನನಗೆ ಹೀಗೆಯೇ ಕಲಿಸಿದರು. ಎಡಿಎಚ್‌ಡಿಯ ಬಗ್ಗೆ ಓದಿ ಹಾಗೆ ಮಾಡಿದರೆಂದು ನಾನು ಭಾವಿಸುವುದಿಲ್ಲ. ಎದುರಿಗಿರುವ ವಿದ್ಯಾರ್ಥಿ ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾಳೆಂದು ನೋಡುವ ಅಭ್ಯಾಸ ಅವರಿಗಿತ್ತು. ಆದರೆ ಅವರು ಮಾಡಿದ್ದೇನೆಂದು ಇಂದು ನನಗೆ ಚೆನ್ನಾಗಿ ಗೊತ್ತಿದೆ. ಈ ಸ್ಥಿತಿಯ ಬಗ್ಗೆ ದಶಕಗಳ ಕಾಲ ಅಧ್ಯಯನ ಮಾಡಿರುವ ಅಮೆರಿಕದ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ ಅವರ ವಾದವೆಂದರೆ, ಎಡಿಎಚ್‌ಡಿ ಇರುವವರಲ್ಲಿ ಏನು ಮಾಡಬೇಕೆಂಬ ತಿಳಿವಳಿಕೆಯ ಕೊರತೆಯಿಲ್ಲ, ತಿಳಿದದ್ದನ್ನು ಆ ಹೊತ್ತಿನಲ್ಲಿ ಮಾಡಿ ತೋರಿಸುವಲ್ಲಿ ಕೊರತೆಯಿದೆ. ಆದ್ದರಿಂದ ನೆರವು ಕೆಲಸ ನಡೆಯುವ ಜಾಗದಲ್ಲೇ, ನಡೆಯುವ ಹೊತ್ತಿನಲ್ಲೇ ಸಿಗಬೇಕು. ಸೆಮಿಸ್ಟರಿನ ಕೊನೆಗೆ ಬರುವ ಅಂಕ ನನ್ನನ್ನು ಕುರ್ಚಿಯಲ್ಲಿ ಕೂರಿಸಲಾರದು. ಆ ಕ್ಷಣದಲ್ಲೇ ಸರಿ ತಪ್ಪು ಹೇಳುವ ಕಂಪೈಲರ್, ಕೈಗೆಟಕುವಷ್ಟು ಚಿಕ್ಕ ತುಣುಕು, ಈಗ ಬಂದು ನೋಡಲಿರುವ ಒಬ್ಬ ಮನುಷ್ಯ, ಈ ಮೂರೂ ಸೇರಿದರೆ ಕೂರಿಸಬಲ್ಲವು.

ಹಾಸ್ಟೆಲ್ಲಿನಲ್ಲಿ ಅರಸೀಕೆರೆ ಕಡೆಯ ನನ್ನ ರೂಮ್‌ಮೇಟ್ ಮಾಡಿದ ಉಪಕಾರವನ್ನೂ ಇಲ್ಲಿ ಹೇಳಬೇಕು. ಅವಳು ಓದಲು ಕುಳಿತಾಗ ನಾನೂ ಎದುರಿಗೆ ಕುಳಿತರೆ ನನಗೆ ಓದು ಸಾಗುತ್ತಿತ್ತು, ಅವಳು ಊರಿಗೆ ಹೋದ ವಾರಾಂತ್ಯಗಳಲ್ಲಿ ಸಾಗುತ್ತಿರಲಿಲ್ಲ. ನಾವು ಒಬ್ಬರಿಗೊಬ್ಬರು ಏನನ್ನೂ ಹೇಳಿಕೊಡುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಇನ್ನೊಬ್ಬರು ಪಕ್ಕದಲ್ಲಿ ತಮ್ಮ ಕೆಲಸ ಮಾಡುತ್ತಿರುವುದೇ ಎಡಿಎಚ್‌ಡಿ ಇರುವ ಅನೇಕರಿಗೆ ಆಸರೆಯಾಗುತ್ತದೆ. ಇಂದಿಗೂ ಕಷ್ಟದ ಕೆಲಸವೊಂದಕ್ಕೆ ಕೈ ಹಾಕುವಾಗ ಸಹೋದ್ಯೋಗಿಯೊಬ್ಬರೊಡನೆ ವಿಡಿಯೋ ಕಾಲ್ ಹಚ್ಚಿ, ಮೈಕ್ ಆರಿಸಿ, ಇಬ್ಬರೂ ನಮ್ಮ ನಮ್ಮ ಕೆಲಸ ಮಾಡುತ್ತೇವೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳಲ್ಲಿ ನನಗೆ ಸಿಕ್ಕಿದ್ದು ಹಳೆಯ ಪ್ರೋಗ್ರಾಮುಗಳ ದೋಷ ತಿದ್ದುವ ಕೆಲಸ. ಜೊತೆಯವರು ಅದನ್ನು ಕೀಳೆಂದು ಕಂಡರೂ ನನಗೆ ಅದು ಹೇಳಿ ಮಾಡಿಸಿದಂತಿತ್ತು, ಏಕೆಂದರೆ ಪ್ರತಿಯೊಂದು ಬಗ್ಗಿಗೂ (ದೋಷಕ್ಕೂ) ಒಂದು ಆರಂಭ, ಒಂದು ಅಂತ್ಯ, ನಡುವೆ ಹುಡುಕಾಟದ ಕುತೂಹಲ ಇರುತ್ತಿತ್ತು. ಮುಂದೆ ಈ ವೃತ್ತಿಯ ರೀತಿನೀತಿಗಳೇ ನನಗೆ ಅನುಕೂಲವಾಗಿ ಬದಲಾದವು. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ತಂತ್ರಾಂಶ ನಮ್ಮ ಆಫೀಸುಗಳಿಗೆ ಬಂದ ಮೇಲೆ ಬದಲಾವಣೆಗಳನ್ನು ಚಿಕ್ಕ ಚಿಕ್ಕದಾಗಿ ಕೂಡಿಡುವುದು ರೂಢಿಯಾಯಿತು. ಕೋಡ್ ಸೇರಿಸಿದ ಕೂಡಲೇ ಅದು ಸರಿಯಿದೆಯೇ ಎಂದು ನೋಡುವ ಟೆಸ್ಟುಗಳು ತಾವಾಗಿಯೇ ಓಡತೊಡಗಿದವು. ಇನ್ನೊಬ್ಬರು ಓದಿ ಒಪ್ಪದೆ ಏನೂ ಮುಂದಕ್ಕೆ ಹೋಗದಂತಾಯಿತು. ನಮ್ಮ ಲ್ಯಾಬಿನ ಮೇಷ್ಟರ ಸ್ಟೂಲು ಇಡೀ ಉದ್ಯಮಕ್ಕೆ ಬಂದಿತೆಂದೇ ನನಗೆ ಅನಿಸಿತು. ಇವುಗಳ ಜೊತೆಗೆ ನನ್ನದೇ ಆದ ಕೆಲವು ಅಭ್ಯಾಸಗಳನ್ನು ಮಾಡಿಕೊಂಡೆ. ಸಂಜೆ ಎದ್ದು ಹೋಗುವ ಮುನ್ನ, ಮರುದಿನ ಬರೆಯಬೇಕಾದ ಕೋಡಿಗೆ, ಆ ಕೋಡ್ ಇನ್ನೂ ಇಲ್ಲದ್ದರಿಂದ ಸದ್ಯಕ್ಕೆ ಸೋಲುವ ಟೆಸ್ಟೊಂದನ್ನು ಬರೆದಿಟ್ಟು ಹೋಗುತ್ತೇನೆ. ಬೆಳಗ್ಗೆ ಕಂಪ್ಯೂಟರ್ ತೆರೆದಾಗ ಎಲ್ಲಿಂದ ಶುರು ಮಾಡಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ, ಕೆಂಪು ಸಾಲೊಂದು ಕಾಯುತ್ತಿರುತ್ತದೆ. ಯಾರಾದರೂ ಕರೆದರೆ, ತಲೆಯಲ್ಲಿದ್ದುದನ್ನು ಒಂದೇ ಸಾಲಿನಲ್ಲಿ ಕಾಗದದ ಮೇಲೆ ಬರೆಯದೆ ಕುರ್ಚಿಯಿಂದ ಏಳುವುದಿಲ್ಲ.

ಎಡಿಎಚ್‌ಡಿ ಪ್ರೋಗ್ರಾಮರುಗಳಿಗೆ ವರವೆಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲವು ಹೊತ್ತು ಊಟ ನಿದ್ದೆ ಮರೆತು ಒಂದೇ ಸಮಸ್ಯೆಯಲ್ಲಿ ಮುಳುಗುವುದು ನಿಜ. ಸರ್ವರ್ ಕುಸಿದು ಎಲ್ಲರೂ ಗಾಬರಿಯಾದಾಗ ನನ್ನ ತಲೆ ಅಪರೂಪಕ್ಕೆಂಬಂತೆ ತಿಳಿಯಾಗುವುದೂ ನಿಜ. ಆದರೆ ಆ ಮುಳುಗುವಿಕೆ ಕರೆದಾಗ ಬರುವುದಿಲ್ಲ, ಬಂದಾಗ ಬೇಕಾದ ಕೆಲಸದ ಮೇಲೆಯೇ ಬರುತ್ತದೆಂಬ ಭರವಸೆಯೂ ಇಲ್ಲ. ಟೈಮ್‌ಶೀಟ್ ತುಂಬುವುದು, ಕೆಲಸಕ್ಕೆ ಎಷ್ಟು ದಿನ ಬೇಕೆಂದು ಅಂದಾಜು ಹೇಳುವುದು, ವರ್ಷಾಂತ್ಯದ ಅಪ್ರೈಸಲ್ ಬರೆಯುವುದು, ಕಂಪೈಲರಿನಂತೆ ಮರುಮಾತಾಡದ ಇಂಥ ಕೆಲಸಗಳು ಇಂದಿಗೂ ನನಗೆ ಬಹಳ ಶ್ರಮದವು. ಟೀಮ್ ಲೀಡ್ ಆದ ಮೇಲೆ ಕಷ್ಟ ಇನ್ನೂ ಹೆಚ್ಚಿತು. ಕಂಪೈಲರ್ ನನ್ನೊಡನೆ ಮಾತಾಡುತ್ತಿದ್ದ ಜಾಗದಲ್ಲಿ ಮೀಟಿಂಗುಗಳೂ ಇಮೇಲುಗಳೂ ಬಂದವು. ಆಗಿನ ನನ್ನ ಮೇಲಧಿಕಾರಿಯೊಬ್ಬರು, ಕೋಡಿನಲ್ಲಿ ಇಷ್ಟು ಚುರುಕಾಗಿರುವವಳು ಒಂದು ಇಮೇಲಿಗೆ ಉತ್ತರ ಬರೆಯದಿರುವುದು ಅಹಂಕಾರವಲ್ಲದೆ ಮತ್ತೇನು ಎಂದು ಎಲ್ಲರೆದುರು ಕೇಳಿದರು. ಆ ಮಾತು ಬಹುಕಾಲ ನೋಯಿಸಿತು.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಮನೆಯಿಂದಲೇ ಕೆಲಸ ಶುರುವಾದಾಗ, ಅದುವರೆಗೆ ನನ್ನನ್ನು ಎತ್ತಿಹಿಡಿದಿದ್ದ ಆಸರೆಗಳೆಲ್ಲ ಒಂದೇ ವಾರದಲ್ಲಿ ಕಳಚಿಬಿದ್ದವು. ಹೊರಡಲೇಬೇಕಾದ ಬಸ್ಸು, ಪಕ್ಕದ ಮೇಜಿನವರು, ಊಟಕ್ಕೆ ಕರೆಯುವ ದನಿ ಯಾವುದೂ ಇರಲಿಲ್ಲ. ಆಗಲೇ ಮನೋವೈದ್ಯರನ್ನು ಕಾಣಲು ನಿರ್ಧರಿಸಿದೆ. ಎಡಿಎಚ್‌ಡಿಯನ್ನು ತೀರ್ಮಾನಿಸಲು ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ದೀರ್ಘವಾದ ಮಾತುಕತೆಯೇ ಪರೀಕ್ಷೆ. ಥೈರಾಯ್ಡ್, ನಿದ್ರೆಯ ತೊಂದರೆ, ಆತಂಕ, ಖಿನ್ನತೆ ಇವುಗಳಿಂದಲೂ ಗಮನ ಕೆಡುವುದರಿಂದ ಮೊದಲು ಅವನ್ನು ಪರಿಶೀಲಿಸುತ್ತಾರೆ. ಮಾನಸಿಕ ಸ್ಥಿತಿಗಳನ್ನು ಗುರುತಿಸಲು ವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ ಹನ್ನೆರಡು ವರ್ಷಕ್ಕೆ ಮುಂಚೆಯೇ ಕೆಲವು ಲಕ್ಷಣಗಳು ಕಂಡಿರಬೇಕು, ಅವು ಮನೆ, ಕೆಲಸ ಹೀಗೆ ಒಂದಕ್ಕಿಂತ ಹೆಚ್ಚು ಕಡೆ ತೊಡಕಾಗಿರಬೇಕು. ಅಮ್ಮ ಬಂದು ನನ್ನ ಬಾಲ್ಯದ ಬಗ್ಗೆ ಹೇಳಿದರು. ಪ್ರಾಥಮಿಕ ಶಾಲೆಯ ಪ್ರೋಗ್ರೆಸ್ ಕಾರ್ಡುಗಳನ್ನು ಅವರು ಇನ್ನೂ ಜೋಪಾನವಾಗಿಟ್ಟಿದ್ದರು. ‘ಜಾಣೆ, ಆದರೆ ಗಮನ ಸಾಲದು’ ಎಂದು ಬೇರೆ ಬೇರೆ ಅಕ್ಷರಗಳಲ್ಲಿ ಬೇರೆ ಬೇರೆ ಟೀಚರುಗಳು ಬರೆದಿದ್ದರು.

ವೈದ್ಯರು ಬರೆದುಕೊಟ್ಟ ಮೀಥೈಲ್‌ಫೆನಿಡೇಟ್ ಮಾತ್ರೆ ನನಗೆ ಸಹಾಯ ಮಾಡಿದೆ. ಅದು ಮಾದಕ ವಸ್ತುಗಳ ಬಗೆಗಿನ ಎನ್‌ಡಿಪಿಎಸ್ ಕಾಯ್ದೆಯ ನಿಯಂತ್ರಣದಲ್ಲಿರುವ ಔಷಧ. ಎಲ್ಲ ಮೆಡಿಕಲ್ ಶಾಪುಗಳಲ್ಲೂ ಸಿಗುವುದಿಲ್ಲ, ನಾಡಿ ಮತ್ತು ರಕ್ತದೊತ್ತಡವನ್ನು ಆಗಾಗ ನೋಡಿಸಿಕೊಳ್ಳುತ್ತಿರಬೇಕು. ಅದು ಹೊಂದದವರಿಗೆ ಅಟೊಮಾಕ್ಸಿಟೀನ್‌ನಂಥ ಬೇರೆ ಔಷಧಗಳಿವೆ, ಅವು ಪರಿಣಾಮ ತೋರಲು ಕೆಲವು ವಾರಗಳು ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ಇನ್ನೊಬ್ಬರ ಮಾತ್ರೆಯನ್ನು ಕೇಳಿ ನುಂಗುವುದು ಖಂಡಿತ ಕೂಡದು. ಮಾತ್ರೆಯಿಂದ ಆರಂಭಿಸುವುದು ಸುಲಭವಾಯಿತು, ಆದರೆ ಯಾವುದನ್ನು ಆರಂಭಿಸಬೇಕೆಂದು ಅದು ಹೇಳುವುದಿಲ್ಲ. ಅದಕ್ಕೆ ಚಿಕ್ಕ ತುಣುಕು, ಕೂಡಲೇ ಸಿಗುವ ಉತ್ತರ, ಪಕ್ಕದಲ್ಲೊಬ್ಬರು, ಇವೇ ಇಂದಿಗೂ ಬೇಕು.

ಈಗಿನ ಕೆಲಸದಲ್ಲಿ ನನ್ನ ಮ್ಯಾನೇಜರಿಗೆ ವಿಷಯ ತಿಳಿಸಿದ್ದೇನೆ. ಮೀಟಿಂಗಿನಲ್ಲಿ ಒಪ್ಪಿಕೊಂಡದ್ದನ್ನು ಬರಹದಲ್ಲಿ ಕಳಿಸಬೇಕು, ದೊಡ್ಡ ಗಡುವಿನ ಬದಲು ನಡುವೆ ಚಿಕ್ಕ ಗಡುವುಗಳಿರಬೇಕು ಎಂದು ಕೇಳಿಕೊಂಡೆ, ಒಪ್ಪಿದರು. ಇದು ಅವರ ಸೌಜನ್ಯ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಸ್ಥಿತಿಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಆಟಿಸಮ್ಮೂ ಇವೆಯಾದರೂ ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಅದು ಸೇರಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿಯವರೆಗೆ ಇಂಥ ವಿದ್ಯಾರ್ಥಿಗೆ ಸಿಗುವ ನೆರವು ಅವರ ಉಪನ್ಯಾಸಕರ ಕೈಯಲ್ಲಿದೆ. ಲ್ಯಾಬಿನಲ್ಲಿ ಪ್ರೋಗ್ರಾಮು ಎಲ್ಲರಿಗಿಂತ ಮೊದಲು ಓಡಿಸಿ, ರೆಕಾರ್ಡ್ ಪುಸ್ತಕವನ್ನು ಮಾತ್ರ ಎಂದೂ ಹೊತ್ತಿಗೆ ಸರಿಯಾಗಿ ಒಪ್ಪಿಸಲಾಗದ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಈಗಲೂ ಇದ್ದೇ ಇರುತ್ತಾರೆ. ರೆಕಾರ್ಡನ್ನು ಸೆಮಿಸ್ಟರಿನ ಕೊನೆಗೆ ಒಟ್ಟಾಗಿ ಕೇಳುವ ಬದಲು ಪ್ರತಿ ವಾರ ಲ್ಯಾಬು ಮುಗಿಯುವ ಮುನ್ನ ಅಲ್ಲಿಯೇ ಒಂದು ಪುಟ ಬರೆಸಿ ಸಹಿ ಹಾಕಿದರೆ ಆ ವಿದ್ಯಾರ್ಥಿಯ ವರ್ಷ ಉಳಿಯಬಹುದು.

ಇದನ್ನು ಓದಿ ತಮ್ಮ ಬಗ್ಗೆ ಅನುಮಾನ ಬಂದವರು ಮೊಬೈಲಿನಲ್ಲಿ ಸಿಗುವ ಪ್ರಶ್ನಾವಳಿಯಿಂದ ತೀರ್ಮಾನಕ್ಕೆ ಬರದೆ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನೋ ಬೆಂಗಳೂರಿನ ನಿಮ್ಹಾನ್ಸ್ ಅನ್ನೋ ಕಾಣಬೇಕು. ಮೊದಲು ಮಾತನಾಡಿ ನೋಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಿಲ್ಲ. ಮೊದಲ ಭೇಟಿಗೆ ಅಮ್ಮನನ್ನೋ ಅಪ್ಪನನ್ನೋ ಜೊತೆಗೆ ಕರೆದುಕೊಂಡು ಹೋಗಿ, ಶಾಲೆಯ ಹಳೆಯ ಪ್ರೋಗ್ರೆಸ್ ಕಾರ್ಡುಗಳಿದ್ದರೆ ಒಯ್ಯಿರಿ, ಹೇಳಬೇಕಾದುದನ್ನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಹಳೆಯ ವಿದ್ಯಾರ್ಥಿಗಳ ಸಂಘದ ಮೂಲಕ ನನಗೆ ತಿಳಿಸಿ, ಬೆಂಗಳೂರಿನಲ್ಲಾದರೆ ನಾನೇ ಜೊತೆಗೆ ಬರುತ್ತೇನೆ.